ತಿರುಚ್ಚಿಯಿಂದ ಪೂಂಪುಹಾರಿಗೆ: ಕಾವೇರಿ ಕವಲೊಡೆಯುವ ನಾಡಿನಲ್ಲಿ

ಮೊದಲನೆಯ ದಿನ: ಮುಕ್ಕೊಂಬು ಮತ್ತು ಶ್ರೀರಂಗಂ

ಕಾವೇರಿಯ ಮುಖಜಭೂಮಿ ಸಮುದ್ರದ ಹತ್ತಿರ ಶುರುವಾಗುತ್ತದೆ ಎಂದು ಭಾವಿಸಿದವರು ತಿರುಚ್ಚಿಯಿಂದ ಪಶ್ಚಿಮಕ್ಕೆ ಸುಮಾರು 18 ಕಿಲೋಮೀಟರ್ ದೂರದ ಮುಕ್ಕೊಂಬಿಗೆ ಒಮ್ಮೆ ಹೋಗಿ ನಿಲ್ಲಬೇಕು. ಕೊಡಗಿನಿಂದ ಅಲ್ಲಿಯವರೆಗೆ ಉಪನದಿಗಳನ್ನು ಸೇರಿಸಿಕೊಳ್ಳುತ್ತಲೇ ಬಂದ ನದಿ ಅಲ್ಲಿಂದ ಮುಂದೆ ಹಂಚಿಕೊಳ್ಳುತ್ತಲೇ ಹೋಗುತ್ತದೆ. ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲಾ, ಶಿಂಷಾ, ಅರ್ಕಾವತಿ, ಭವಾನಿ, ಅಮರಾವತಿ ಇವೆಲ್ಲವೂ ತಂದು ಕೊಟ್ಟ ನೀರು ಇಲ್ಲಿ ಮೊದಲ ಬಾರಿಗೆ, ಮತ್ತೆ ಒಂದಾಗದಂತೆ, ಎರಡಾಗುತ್ತದೆ. ಎಡಗಡೆಯ ಕವಲು ಕೊಳ್ಳಿಡಂ, ಬಲಗಡೆಯದು ಕಾವೇರಿ. ನಡುವೆ ಉಳಿದ ನೆಲವೇ ಶ್ರೀರಂಗಂ ದ್ವೀಪ.

ಮೈಸೂರಿನಿಂದ ಮಧ್ಯಾಹ್ನ ಕಳೆದು ಹೊರಟು ಬೆಂಗಳೂರಿನ ಮೇಲೆ ಹಾದು ಬರುವ ರೈಲು ನಮ್ಮನ್ನು ಬೆಳಗಿನ ಜಾವ ತಿರುಚ್ಚಿಯಲ್ಲಿ ಇಳಿಸಿತ್ತು. ಅದೇ ರೈಲು ಮುಂದೆ ತಂಜಾವೂರು, ಕುಂಭಕೋಣಂ, ಮೈಲಾಡುತುರೈಗಳ ಕಡೆಗೆ, ಅಂದರೆ ನಾವು ಮರುದಿನ ಕಾರಿನಲ್ಲಿ ನೋಡಬೇಕೆಂದಿದ್ದ ಊರುಗಳಿಗೇ ಹೋಗುತ್ತದೆ. ರೈಲಿನಲ್ಲಿ ಕುಳಿತು ಬಿಟ್ಟರೆ ನದಿಯ ಕವಲುಗಳು ಸೇತುವೆಗಳ ಕೆಳಗೆ ಕ್ಷಣಮಾತ್ರದಲ್ಲಿ ದಾಟಿಹೋಗುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದ ಪತ್ನಿಯೂ ನಾನೂ ತಿರುಚ್ಚಿಯಲ್ಲೇ ಉಳಿದು, ಅಲ್ಲಿಂದ ಒಂದು ಹಗಲಿನಲ್ಲಿ ನದಿಯ ಜೊತೆಗೇ ಕಡಲಿನವರೆಗೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೆವು. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಗದ್ದೆ ಮಾಡಿದ ಮನೆಯಲ್ಲಿ ಬೆಳೆದ ನನಗೆ ಈ ಪ್ರದೇಶ ಚಿಕ್ಕಂದಿನಿಂದ ಪರಿಚಿತವಾಗಿದ್ದುದು ಪತ್ರಿಕೆಗಳ ಟಿಎಂಸಿ ಲೆಕ್ಕದಲ್ಲಿ ಮಾತ್ರ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಗಡಿ ದಾಟಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ದಾಟಿದ ಮೇಲೆ ಆ ನೀರು ಯಾವ ಯಾವ ಬಾಗಿಲುಗಳಲ್ಲಿ ಹೊಕ್ಕು ಎಲ್ಲೆಲ್ಲಿ ಹರಿಯುತ್ತದೆ ಎಂಬುದನ್ನು ನೋಡಿಬಂದವರು ಕಡಿಮೆ.

ಮುಕ್ಕೊಂಬಿನ ಮೇಲಣೆಯನ್ನು, ಅಂದರೆ ಮೇಲಿನ ಅಡ್ಡಗಟ್ಟೆಯನ್ನು, 1836ರಲ್ಲಿ ಕಟ್ಟಿಸಿದವರು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್. ಕಟ್ಟಿಸಿದ ಕಾರಣ ಸ್ಥಳದಲ್ಲಿ ನಿಂತರೆ ಚೆನ್ನಾಗಿ ಅರ್ಥವಾಗುತ್ತದೆ. ಕೊಳ್ಳಿಡಂ ಹೆಚ್ಚು ಇಳಿಜಾರಿನಲ್ಲಿ, ಹೆಚ್ಚು ನೇರವಾಗಿ ಸಮುದ್ರಕ್ಕೆ ಹೋಗುವ ಕವಲು. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ನದಿಯ ನೀರೆಲ್ಲ ಅದರತ್ತಲೇ ಜಾರತೊಡಗಿ, ತಂಜಾವೂರಿನ ಗದ್ದೆಗಳಿಗೆ ನೀರುಣಿಸುವ ಕಾವೇರಿಯ ಪಾತ್ರದಲ್ಲಿ ಹೂಳು ತುಂಬುತ್ತಿತ್ತು. ಕೊಳ್ಳಿಡಂನ ಬಾಯಿಗೆ ಅಡ್ಡಗಟ್ಟೆ ಹಾಕಿ, ದಿನನಿತ್ಯದ ನೀರನ್ನು ಕಾವೇರಿಗೆ ತಿರುಗಿಸಿ, ಪ್ರವಾಹದ ನೀರನ್ನು ಮಾತ್ರ ಕೊಳ್ಳಿಡಂಗೆ ಬಿಡುವುದು ಅಂದಿನ ಯೋಜನೆ; ಇಂದಿಗೂ ಇಡೀ ಮುಖಜಭೂಮಿ ನಡೆಯುತ್ತಿರುವುದು ಅದೇ ನಿಯಮದ ಮೇಲೆ. 2018ರ ಆಗಸ್ಟ್‌ನಲ್ಲಿ ಪ್ರವಾಹದ ಒತ್ತಡಕ್ಕೆ ಕೊಳ್ಳಿಡಂ ಕಡೆಯ ಒಂಬತ್ತು ಗೇಟುಗಳು ಕೊಚ್ಚಿಹೋದವು. ಅದರ ಬದಲಿಗೆ ಕಟ್ಟಿದ ಹೊಸ ಕಟ್ಟೆ ಈಗ ಕೆಲಸ ಮಾಡುತ್ತಿದೆ. ಕೊಡಗು, ವಯನಾಡುಗಳಲ್ಲಿ ಮಳೆ ಚೆನ್ನಾಗಿ ಬಿದ್ದು ಕಬಿನಿ, ಕೃಷ್ಣರಾಜಸಾಗರಗಳು ತುಂಬಿದ್ದ ಕಾಲವಾದ್ದರಿಂದ ನಾವು ಹೋದಾಗ ಎರಡೂ ಕವಲುಗಳಲ್ಲಿ ಕೆಂಪು ನೀರು ಓಡುತ್ತಿತ್ತು. ಕಟ್ಟೆಯ ಮೇಲೆ ನಿಂತು ಆ ಬಣ್ಣವನ್ನು ನೋಡಿದಾಗ, ಅದರಲ್ಲಿ ನಮ್ಮ ಕಡೆಯ ನೆಲದ ಪಾಲೂ ಇದೆಯೆಂಬ ಭಾವನೆ ತಾನಾಗಿ ಬಂತು.

ಅಂದು ತಮಿಳರ ಆಡಿ ತಿಂಗಳ ಹದಿನೆಂಟನೆಯ ದಿನ, ಆಡಿ ಪೆರುಕ್ಕು. ಹೊಳೆ ತುಂಬಿ ಬರುವುದನ್ನು ಬರಮಾಡಿಕೊಳ್ಳುವ ಹಬ್ಬವದು. ಶ್ರೀರಂಗದ ಅಮ್ಮಾ ಮಂಟಪದ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಾಳೆಲೆಯ ಮೇಲೆ ಅರಿಸಿನದ ಪಿಳ್ಳಾರಿ, ಹೂವು, ಹಣ್ಣು, ಅಕ್ಕಿಬೆಲ್ಲ, ತಾಳೆಗರಿಯ ಪುಟ್ಟ ಕಿವಿಯೋಲೆ, ಕರಿಮಣಿ ಇಟ್ಟು ಹೆಂಗಸರು ಕಾವೇರಿಗೆ ಪೂಜೆ ಮಾಡುತ್ತಿದ್ದರು. ಹಿರಿಯ ಮುತ್ತೈದೆಯರು ಕಿರಿಯರ ಕೊರಳಿಗೆ ಅರಿಸಿನದ ದಾರ ಕಟ್ಟುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಗಳು ಮದುವೆಯ ದಿನದ ಹಾರಗಳನ್ನು ಜೋಪಾನ ಮಾಡಿ ತಂದು ನೀರಿಗೆ ಬಿಡುತ್ತಿದ್ದರು. ಪೂಜೆ ಮುಗಿಸಿದವರು ಹುಳಿಯನ್ನ, ನಿಂಬೆಹಣ್ಣಿನ ಚಿತ್ರಾನ್ನ, ಕಾಯಿಯನ್ನ, ಮೊಸರನ್ನದ ಡಬ್ಬಿಗಳನ್ನು ಬಿಚ್ಚಿ ಅಲ್ಲೇ ಊಟಕ್ಕೆ ಕೂರುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಾವು ಕರ್ನಾಟಕದವರೆಂದು ತಿಳಿದು, ನನ್ನ ಪತ್ನಿಯ ಕೈಗೆ ಅರಿಸಿನದ ದಾರ ಕೊಟ್ಟು, "ಅವಳು ನಿಮ್ಮೂರಿನಿಂದಲೇ ಬರುವವಳಲ್ಲವೇನಮ್ಮಾ" ಎಂದರು. ಗರ್ಭಿಣಿಗೆ ಬಯಕೆಯ ಅನ್ನ ಬಡಿಸುವ ಭಾವದಲ್ಲೇ ಇಲ್ಲಿಯವರು ಈ ಚಿತ್ರಾನ್ನಗಳನ್ನು ಕಾವೇರಿಗೆ ನಿವೇದಿಸುತ್ತಾರೆ ಎಂದೂ ಅವರೇ ತಿಳಿಸಿದರು.

ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಇಲ್ಲಿಯ ಅಂತ್ಯರಂಗ ಈ ಮೂರನ್ನೂ ಒಂದೇ ದಿನದಲ್ಲಿ ದರ್ಶಿಸುವ ಹರಕೆ ಹೊರುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಮೂರೂ ಕಾವೇರಿಯ ದ್ವೀಪಗಳು. ಮೊದಲಿನ ಎರಡರಲ್ಲಿ ಬೇರೆಯಾದ ನದಿ ಸ್ವಲ್ಪ ದೂರದಲ್ಲೇ ಮತ್ತೆ ಒಂದಾಗುತ್ತದೆ. ಇಲ್ಲಿ ದ್ವೀಪದ ಕೊನೆಯಲ್ಲಿ ಎರಡೂ ಕವಲುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದರೂ ಸೇರುವುದಿಲ್ಲ. ಸೇರದಂತೆ ನೋಡಿಕೊಂಡಿರುವುದು ಮನುಷ್ಯನ ಕೆಲಸ, ಅದನ್ನು ನೋಡುವುದೇ ಮರುದಿನದ ಮೊದಲ ಕಾರ್ಯಕ್ರಮವಾಗಿತ್ತು. ಸಂಜೆ ರಂಗನಾಥನ ದರ್ಶನ ಮಾಡಿ ಬೇಗ ಮಲಗಿದೆವು.

ಎರಡನೆಯ ದಿನ: ಕಲ್ಲಣೆಯಿಂದ ಕಡಲಿನವರೆಗೆ

ಬೆಳಿಗ್ಗೆ ಐದೂವರೆಗೆ ಬಾಡಿಗೆ ಕಾರು ಬಂತು. ಚಾಲಕರು ತಿರುವಾರೂರು ಕಡೆಯ ರೈತ ಕುಟುಂಬದವರು. ನದಿಯ ದಂಡೆಯ ರಸ್ತೆಯಲ್ಲೇ ಹೋಗಬೇಕೆಂದು ಹೇಳಿದಾಗ ಅವರಿಗೂ ಉತ್ಸಾಹ ಬಂದು, "ಹಾಗಿದ್ದರೆ ಬೈಪಾಸ್ ಬೇಡ ಸಾರ್, ಹಳೆಯ ರಸ್ತೆಯಲ್ಲೇ ಕರೆದುಕೊಂಡು ಹೋಗುತ್ತೇನೆ" ಎಂದರು. ಬಿಸಿಲೇರುವ ಮುನ್ನ ಕಲ್ಲಣೆಯಲ್ಲಿದ್ದೆವು.

ಕಲ್ಲಣೆಯ ಮುಂದೆ ನಾನು ಎರಡು ಗಂಟೆ ಕಳೆದೆ, ಇನ್ನೂ ಎರಡು ಗಂಟೆ ಕಳೆಯಬಹುದಿತ್ತು. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿಗೆ ಕರಿಕಾಲ ಚೋಳ ಕಟ್ಟಿಸಿದನೆಂದು ಹೇಳಲಾಗುವ ಈ ಕಟ್ಟೆ 329 ಮೀಟರ್ ಉದ್ದ, 20 ಮೀಟರ್ ಅಗಲ, 5.4 ಮೀಟರ್ ಎತ್ತರವಿದೆ. ನೀರನ್ನು ಸಂಗ್ರಹಿಸಿಡುವ ಅಣೆಕಟ್ಟು ಇದಲ್ಲ. ಕಾವೇರಿಯ ಎಡದಂಡೆ ಒಡೆದು ನೀರೆಲ್ಲ ತಗ್ಗಿನಲ್ಲಿರುವ ಕೊಳ್ಳಿಡಂಗೆ ಹರಿದುಹೋಗುತ್ತಿದ್ದ ಜಾಗಕ್ಕೆ ಅಡ್ಡಲಾಗಿ ಹಾಕಿದ ತಡೆ ಇದು. ತಳದಲ್ಲಿ ಬಂಡೆಯಿಲ್ಲ, ಆಳವಾದ ಮರಳು. ಅಂಥ ಮರಳಿನ ಮೇಲೆ ದೊಡ್ಡ ದೊಡ್ಡ ಕಲ್ಲುಗಳನ್ನು ಇಳಿಸಿ, ಅವು ತಾವಾಗಿ ಹೂತು ನಿಂತ ಮೇಲೆ ಮತ್ತಷ್ಟು ಕಲ್ಲು ಪೇರಿಸಿ, ಜೇಡಿಮಣ್ಣಿನಿಂದ ಬಂಧಿಸಿ, ಪ್ರವಾಹದ ಹೊಡೆತ ಒಂದೇ ಕಡೆ ಬೀಳದಂತೆ ಕಟ್ಟೆಯನ್ನು ಹಾವಿನಂತೆ ಬಳುಕಿಸಿ ಕಟ್ಟಿದ್ದಾರೆ. ಮರಳಿನಲ್ಲಿ ಅಡಿಪಾಯ ಹಾಕುವ ವಿದ್ಯೆಯನ್ನು ತಾವು ಕಲಿತದ್ದು ಈ ಹಳಬರಿಂದಲೇ ಎಂದು ಕಾಟನ್ ಸ್ಪಷ್ಟವಾಗಿ ಬರೆದಿದ್ದಾರೆ. ಆ ವಿದ್ಯೆಯನ್ನೇ ಅವರು ಮುಂದೆ ಗೋದಾವರಿಯ ಧವಳೇಶ್ವರದಲ್ಲಿ ಬಳಸಿದರು. ಈಗ ಕಾಣುವ ಸೇತುವೆ, ಕಬ್ಬಿಣದ ಬಾಗಿಲುಗಳೆಲ್ಲ ಬ್ರಿಟಿಷರ ಕಾಲದವು ಮತ್ತು ಅನಂತರದವು. ಮೂಲ ಕಟ್ಟೆ ಅವುಗಳ ಅಡಿಯಲ್ಲಿ ಇಂದಿಗೂ ತನ್ನ ಕೆಲಸ ಮಾಡುತ್ತಿದೆ. ಆನೆಯ ಮೇಲೆ ಕುಳಿತ ಕರಿಕಾಲನ ಪ್ರತಿಮೆಯ ಮುಂದೆ ಶಾಲಾ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಕಲ್ಲಣೆಯಲ್ಲಿ ನೀರು ನಾಲ್ಕು ದಾರಿ ಹಿಡಿಯುತ್ತದೆ. ಒಂದು ಕಾವೇರಿ, ಎರಡನೆಯದು ವೆಣ್ಣಾರ್, ಮೂರನೆಯದು 1934ರಲ್ಲಿ ಮೇಟ್ಟೂರು ಅಣೆಕಟ್ಟೆಯ ಜೊತೆಗೇ ಬಳಕೆಗೆ ಬಂದ ಕಲ್ಲಣೆ ಕಾಲುವೆ, ನಾಲ್ಕನೆಯದು ಮಿಕ್ಕಿದ್ದನ್ನು ಕೊಂಡೊಯ್ಯುವ ಕೊಳ್ಳಿಡಂ. ಪದ್ಧತಿಯಂತೆ ಮೇಟ್ಟೂರಿನ ಬಾಗಿಲು ತೆರೆಯುವುದು ಜೂನ್ 12ಕ್ಕೆ, ಮುಚ್ಚುವುದು ಜನವರಿ 28ಕ್ಕೆ. ಬಿಟ್ಟ ನೀರು ಕಲ್ಲಣೆಗೆ ಬಂದು ಮುಟ್ಟಲು ಮೂರು ದಿನ ಹಿಡಿಯುತ್ತದೆ. ಬಂದ ನೀರಿಗೆ ಭತ್ತದ ಬೀಜ ಚೆಲ್ಲಿ, ಹೂ ಎಸೆದು ಕಲ್ಲಣೆಯ ಬಾಗಿಲುಗಳನ್ನು ಎತ್ತುತ್ತಾರೆ. ನೀರು ಕಡಿಮೆಯಿರುವ ವರ್ಷ ಕಾವೇರಿಗೂ ವೆಣ್ಣಾರ್‌ಗೂ ಒಟ್ಟಿಗೆ ಬಿಡದೆ ಸರದಿಯ ಮೇಲೆ ಬಿಡುತ್ತಾರೆ. ಬಾಗಿಲುಗಳ ಬಳಿ ಕೆಲಸದಲ್ಲಿದ್ದ ನೀರುಗಂಟಿಯೊಬ್ಬರು ಅಳತೆಗೋಲನ್ನು ತೋರಿಸಿ, ಯಾವ ಬಾಗಿಲು ಎಷ್ಟು ತೆರೆದಿದೆಯೆಂದು ವಿವರಿಸಿದರು. ಯಾವ ಕವಲಿಗೆ ಎಷ್ಟು ಎಂಬ ಆಜ್ಞೆ ಮೇಲಿನಿಂದ ಬಂದರೂ, ಆಜ್ಞೆಯ ನೀರನ್ನು ಅಂಗುಲ ಅಂಗುಲವಾಗಿ ಅಳೆದು ಬಿಡುವ ಹೊಣೆ ಇಂಥವರದು. ನಮ್ಮ ನಾಲೆಗಳ ಸೌಡಿಗಳೂ ಇದೇ ಕೆಲಸವನ್ನು, ಇದೇ ಬೈಗುಳಗಳನ್ನು ಸಹಿಸಿಕೊಂಡು ಮಾಡುತ್ತಾರೆ.

ತಿರುಕ್ಕಾಟ್ಟುಪ್ಪಳ್ಳಿ ದಾಟಿದ ಮೇಲೆ ರಸ್ತೆಯ ಎರಡು ಕಡೆಯೂ ಭತ್ತ, ಬಾಳೆ, ವೀಳ್ಯದೆಲೆಯ ತೋಟಗಳು. ಮುಖಜಭೂಮಿಯಲ್ಲಿ ಇಳಿಜಾರೆಂಬುದು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ನೋಡಿದರೂ ಸಮತಟ್ಟು. ಹಾಗಿದ್ದೂ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಜೂನ್‌ನಲ್ಲಿ ನೆಟ್ಟ ಅಲ್ಪಾವಧಿಯ ಕುರುವೈ ಬೆಳೆ ಕೆಲವು ಕಡೆ ತೆನೆ ಕಟ್ಟುವ ಹಂತದಲ್ಲಿತ್ತು, ಇನ್ನು ಕೆಲವು ಕಡೆ ಉದ್ದ ಅವಧಿಯ ಸಾಂಬಾ ಬೆಳೆಗೆ ಒಟ್ಲು ಪಾತಿ ಸಿದ್ಧವಾಗುತ್ತಿತ್ತು. ಕುರುವೈ ಪೂರ್ತಿ ಮೇಟ್ಟೂರಿನ ನೀರನ್ನು, ಅಂದರೆ ನಮ್ಮ ಕಡೆಯ ಮುಂಗಾರನ್ನು ನಂಬಿದ ಬೆಳೆ. ಸಾಂಬಾಗೆ ಅಕ್ಟೋಬರ್‌ನಿಂದ ಸುರಿಯುವ ಈಶಾನ್ಯ ಮಾರುತದ ಮಳೆಯ ಆಸರೆಯೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೀರಿಗಾಗಿಯೇ ಎರಡು ರಾಜ್ಯಗಳ ನಡುವೆ ಅಷ್ಟೊಂದು ಬಿಸಿ ಏಕೆಂಬುದು ಈ ಎರಡು ಗದ್ದೆಗಳನ್ನು ಅಕ್ಕಪಕ್ಕದಲ್ಲಿ ನೋಡಿದಾಗ ನನಗೆ ಹಿಂದೆಂದಿಗಿಂತ ಚೆನ್ನಾಗಿ ತಿಳಿಯಿತು. ಆ ತಿಂಗಳುಗಳಲ್ಲಿ ತಮಿಳುನಾಡಿನಲ್ಲಿ ಮಳೆ ಕಡಿಮೆ, ಕರ್ನಾಟಕದಲ್ಲಿ ಜಲಾಶಯ ಇನ್ನೂ ತುಂಬುತ್ತಿರುತ್ತದೆ, ಎರಡೂ ಕಡೆ ಪೈರು ಗದ್ದೆಯಲ್ಲಿರುತ್ತದೆ.

ತಿರುವೈಯಾರಿನಲ್ಲಿ ಕಾವೇರಿಯ ದಂಡೆಯ ಮೇಲೆ ತ್ಯಾಗರಾಜರ ಸಮಾಧಿಯಿದೆ. ಕನ್ನಡಿಗರು ಅಲ್ಲಿ ನೋಡಲೇಬೇಕಾದ ಇನ್ನೊಂದು ಸಮಾಧಿ ಅದರ ಎದುರಿಗೇ ಇದೆ. ಅದು ಗಾಯಕಿ ಬೆಂಗಳೂರು ನಾಗರತ್ನಮ್ಮನವರದು. ಅವರು 1878ರಲ್ಲಿ ಹುಟ್ಟಿದ್ದು ಕಪಿಲೆಯ ದಂಡೆಯ ನಂಜನಗೂಡಿನಲ್ಲಿ. ತಾವು ದುಡಿದು ಗಳಿಸಿದ್ದನ್ನು ಸುರಿದು, 1920ರ ದಶಕದಲ್ಲಿ, ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಸ್ಥಳಕ್ಕೆ ಗುಡಿ ಕಟ್ಟಿಸಿದವರು ಅವರು. ಗುಡಿ ಕಟ್ಟಿಸಿದ್ದು ಒಬ್ಬ ಹೆಂಗಸು. ಅಲ್ಲಿ ಪ್ರತಿವರ್ಷ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಹಾಡಲು ಮಾತ್ರ ಹೆಂಗಸರಿಗೆ ಅವಕಾಶವಿರಲಿಲ್ಲ. ಅವರು ಮಹಿಳೆಯರದೇ ಪ್ರತ್ಯೇಕ ಆರಾಧನೆ ನಡೆಸಿದರು, 1940ರ ಆಸುಪಾಸಿನಲ್ಲಿ ಆರಾಧನೆ ನಡೆಸುತ್ತಿದ್ದ ಬೇರೆಬೇರೆ ಪಂಗಡಗಳು ಒಂದಾದ ಮೇಲೆಯೇ ಎಲ್ಲರೂ ಒಟ್ಟಿಗೆ ಹಾಡುವಂತಾಯಿತು. 1952ರಲ್ಲಿ ತೀರಿಕೊಂಡ ಅವರ ಪ್ರತಿಮೆ ತ್ಯಾಗರಾಜರತ್ತ ಮುಖ ಮಾಡಿ ಕೈಮುಗಿದು ಕುಳಿತಿದೆ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಪಂಚರತ್ನ ಕೃತಿಗಳನ್ನು ಕೇಳಲು ದೂರದರ್ಶನದ ಮುಂದೆ ಕೂರುವ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಹೆಸರು ಇನ್ನಷ್ಟು ನೆನಪಾಗಬೇಕು ಎಂಬುದು ನನ್ನ ಮನದಾಳದ ಆಸೆ. ನನ್ನ ಪತ್ನಿ ಅಲ್ಲಿ ಕುಳಿತು ಒಂದು ಕೃತಿ ಹಾಡಿದಳು. ಅರ್ಚಕರು ಮುಗಿಯುವವರೆಗೂ ಕಾದಿದ್ದು ನಮಗೆ ಪ್ರಸಾದ ಕೊಟ್ಟರು.

ಕುಂಭಕೋಣಕ್ಕೆ ಮೊದಲು ಸಿಗುವ ಸ್ವಾಮಿಮಲೈಯಲ್ಲಿ ನಿಂತದ್ದು ನದಿಯ ಮಣ್ಣಿಗಾಗಿ. ಇಲ್ಲಿಯ ಸ್ಥಪತಿಗಳು ಪಂಚಲೋಹದ ವಿಗ್ರಹಗಳನ್ನು ಎರಕ ಹೊಯ್ಯುವುದು ಚೋಳರ ಕಾಲದ ಕ್ರಮದಲ್ಲಿ. ಜೇನುಮೇಣಕ್ಕೆ ಗುಗ್ಗುಳ ಬೆರೆಸಿ ಮೊದಲು ಮೇಣದ ಮೂರ್ತಿ ಮಾಡುತ್ತಾರೆ; ಅದರ ಮೇಲೆ ಕಾವೇರಿಯ ನುಣುಪಾದ ಮೆಕ್ಕಲು ಮಣ್ಣಿಗೆ ಸುಟ್ಟ ಭತ್ತದ ಹೊಟ್ಟಿನ ಪುಡಿ ಸೇರಿಸಿ ತೆಳ್ಳಗೆ ಬಳಿಯುತ್ತಾರೆ. ಈ ಮೊದಲ ಲೇಪ ಎಷ್ಟು ನುಣುಪೋ ವಿಗ್ರಹದ ಮುಖದ ಗೆರೆಗಳು ಅಷ್ಟು ಸ್ಪಷ್ಟ. ಒಣಗಿದ ಮೇಲೆ ಮರಳು ಬೆರೆತ ಒರಟು ಮಣ್ಣಿನ ಲೇಪಗಳು ಬರುತ್ತವೆ. ಅಚ್ಚನ್ನು ಕಾಯಿಸಿ ಮೇಣವನ್ನು ಹೊರಗೆ ಹರಿಸಿ, ಉಳಿದ ಟೊಳ್ಳಿನಲ್ಲಿ ಲೋಹವನ್ನು ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಒಂದು ಅಚ್ಚಿಗೆ ಒಂದೇ ವಿಗ್ರಹ. ನಾವು ಹೊಕ್ಕ ಕಾರ್ಖಾನೆಯಲ್ಲಿ ಹಿರಿಯ ಸ್ಥಪತಿಯೊಬ್ಬರು ನನ್ನ ಅಂಗೈಯಲ್ಲಿ ಆ ಮಣ್ಣನ್ನು ಇಟ್ಟು ಉಜ್ಜಿ ನೋಡಲು ಹೇಳಿದರು. ಬೆರಳಿಗೆ ಒಂದು ಕಾಳು ಮರಳೂ ಸಿಗಲಿಲ್ಲ. ಬೇರೆ ಊರಿನ ಮಣ್ಣಿನಲ್ಲಿ ಈ ಕೆಲಸ ಆಗುವುದಿಲ್ಲವೆಂದು ಅವರು ಬಹಳ ದೃಢವಾಗಿ ಹೇಳಿದರು. ಮೇಲಿನ ಅಣೆಕಟ್ಟೆಗಳು ಹೂಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಈ ಮಣ್ಣು ಹಿಂದಿನಷ್ಟು ಬರುತ್ತಿಲ್ಲವೆಂಬ ಕೊರಗೂ ಅವರಿಗಿತ್ತು. ನದಿಯಿಂದ ಕೆಳಗಿನವರಿಗೆ ಸಲ್ಲಬೇಕಾದದ್ದು ನೀರು ಮಾತ್ರವಲ್ಲ, ಮಣ್ಣೂ ಹೌದು ಎಂಬ ಮಾತು ನಮ್ಮ ಯಾವ ಚರ್ಚೆಯಲ್ಲೂ ಬರುವುದನ್ನು ನಾನು ಕೇಳಿರಲಿಲ್ಲ.

ಕುಂಭಕೋಣದಲ್ಲಿ ಊಟ ಮಾಡಿ ಕಾಫಿ ಕುಡಿದು ಹೊರಟೆವು. ದೇವಾಲಯಗಳಿಗೆಂದೇ ಇನ್ನೊಮ್ಮೆ ಬರಬೇಕಾದ ಊರದು. ಊರಿನ ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಅದರ ಕವಲು ಅರಸಲಾರ್. ಅರಸಲಾರ್ ಸಮುದ್ರ ಸೇರುವುದು ಪುದುಚೇರಿಗೆ ಸೇರಿದ ಕಾರೈಕಾಲ್‌ನಲ್ಲಿ. ಕಾವೇರಿಯ ಹಂಚಿಕೆಯಲ್ಲಿ ಪುದುಚೇರಿಗೆ 7 ಟಿಎಂಸಿ ಅಡಿಯ ಪಾಲು ಬಂದದ್ದು ಈ ಪುಟ್ಟ ಪ್ರದೇಶದ ಸಲುವಾಗಿ.

ಮೈಲಾಡುತುರೈಗೆ ಬಂದಾಗ ಕಾವೇರಿ ಎಷ್ಟು ಕಿರಿದಾಗಿತ್ತೆಂದರೆ, ತುಲಾ ಘಟ್ಟದಲ್ಲಿ ಈ ದಡದಿಂದ ಆ ದಡದವರನ್ನು ಕೂಗಿ ಮಾತನಾಡಿಸಬಹುದಿತ್ತು. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಆದ ದಿನದಿಂದ ಇಲ್ಲಿ ತಿಂಗಳಿಡೀ ತುಲಾ ಸ್ನಾನ ನಡೆಯುತ್ತದೆ, ತಿಂಗಳ ಕೊನೆಯ ದಿನದ ಕಡೈಮುಗಂ ಸ್ನಾನಕ್ಕೆ ಸಾವಿರಾರು ಜನ ಸೇರುತ್ತಾರೆ. ಕೊಡಗಿನವರಿಗೂ ಈ ಊರಿನವರಿಗೂ ಒಬ್ಬರನ್ನೊಬ್ಬರು ಕಂಡರಿಯದೆಯೇ ಪಂಚಾಂಗದಲ್ಲಿ ನಂಟು ಬೆಳೆದುಬಂದಿದೆ.

ಪೂಂಪುಹಾರಿಗೆ ಸ್ವಲ್ಪ ಮೊದಲು ಮೇಲೈಯೂರಿನಲ್ಲಿ ಕಾವೇರಿಯ ಕೊನೆಯ ಕಟ್ಟೆಯಿದೆ. ಅದರ ಪಕ್ಕದ ಅರಳಿಮರದ ಕೆಳಗೆ ವಯಸ್ಸಾದ ರೈತರೊಬ್ಬರು ಕುಳಿತಿದ್ದರು. ನನಗೆ ತಮಿಳು ತಕ್ಕಮಟ್ಟಿಗೆ ಬರುತ್ತದೆ. ನಾನು ಮಂಡ್ಯದ ಕಡೆಯವನೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಕೃಷ್ಣರಾಜಸಾಗರ ಎಷ್ಟು ಅಡಿ ಇದೆ ಅಂತ ನಾನೂ ದಿನಾ ಪೇಪರಿನಲ್ಲಿ ನೋಡುತ್ತೇನೆ ತಂಬಿ" ಎಂದರು. 124.80 ಅಡಿಯ ಪೂರ್ಣಮಟ್ಟ ಅವರಿಗೆ ಬಾಯಿಪಾಠವಾಗಿತ್ತು. ಅವರ ದೂರು ಮಾತ್ರ ನಾನು ನಿರೀಕ್ಷಿಸಿದ ಕಡೆಗೆ ತಿರುಗಲಿಲ್ಲ. ಕಲ್ಲಣೆಯಲ್ಲಿ ಬಾಗಿಲು ಎತ್ತಿದ ಮೇಲೆ ಇಲ್ಲಿಗೆ ನೀರು ಬರುವಷ್ಟರಲ್ಲಿ ಮೇಲಿನ ಊರುಗಳ ನಾಟಿ ಮುಗಿದಿರುತ್ತದೆ. ಕಾಲುವೆಗಳ ಹೂಳೆತ್ತುವ ಕೆಲಸ ತಡವಾದರೆ ನೀರು ದಾರಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ತಾನು ಕುರುವೈ ಆಸೆ ಬಿಟ್ಟು ಸಾಂಬಾ ಒಂದೇ ಬೆಳೆ ಇಡುತ್ತೇನೆ ಎಂದರು. ನದಿಯಲ್ಲಿ ನೀರಿನ ಒತ್ತಡ ಇಲ್ಲದ ವರ್ಷ ಸಮುದ್ರದ ಉಪ್ಪುನೀರು ಒಳಗೆ ನುಗ್ಗಿ ಕೊಳವೆಬಾವಿಯ ನೀರು ಬಾಯಿಗಿಡಲಾಗುವುದಿಲ್ಲ ಎಂದು ಕೈಯಿಂದ ಪೂರ್ವದಿಕ್ಕನ್ನು ತೋರಿಸಿದರು. ಮದ್ದೂರು, ಮಳವಳ್ಳಿ ಕಡೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರು ಆಡುವ ಮಾತೂ ಉಪ್ಪುನೀರೊಂದನ್ನು ಬಿಟ್ಟರೆ ಇದೇ. 2023ರ ಬರದಲ್ಲಿ ನಮ್ಮಲ್ಲಿ ಬಂದ್ ನಡೆದಾಗ, ಮೇಟ್ಟೂರಿನ ಬಾಗಿಲು ಅಕ್ಟೋಬರ್‌ನಲ್ಲೇ ಮುಚ್ಚಿ ಇಲ್ಲಿಯವರ ಪೈರು ಒಣಗಿತ್ತು. ನಾನು ನಮ್ಮ ಕಡೆಯ ಕಷ್ಟ ಹೇಳಿದೆ, ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಹೊರಡುವಾಗ, "ಮಳೆ ಬಂದರೆ ಇಬ್ಬರಿಗೂ ಬರಲಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಪೂಂಪುಹಾರ್ ಚೋಳರ ಬಂದರು, ತಮಿಳು ಕಾವ್ಯ ಶಿಲಪ್ಪದಿಕಾರಂನ ನಾಯಕಿ ಕಣ್ಣಗಿ ಮತ್ತು ಅವಳ ಗಂಡ ಕೋವಲನ್ ಹುಟ್ಟಿ ಬೆಳೆದ ಊರೆಂದು ಪ್ರಸಿದ್ಧ. ಹತ್ತಿರದ ಕೀಳೈಯೂರಿನ ಉತ್ಖನನದಲ್ಲಿ, ದೋಣಿ ಕಟ್ಟಲು ನೆಟ್ಟ ಮರದ ಕಂಬಗಳ ಸಮೇತ ಇಟ್ಟಿಗೆಯ ಹಳೆಯ ಧಕ್ಕೆಯೊಂದು ಸಿಕ್ಕಿದೆ. ಇಂದು ಅಲ್ಲಿರುವುದು ಮೀನುಗಾರರ ಊರು, 2004ರ ಸುನಾಮಿಯ ಹೊಡೆತ ತಿಂದ ಕರಾವಳಿ, ದಡಕ್ಕೆ ಹಾಕಿದ ಕಲ್ಲಿನ ರಾಶಿ. ಕಾವೇರಿ ಎಂಬ ಹೆಸರನ್ನು ಉಳಿಸಿಕೊಂಡ ನೀರು ಇಲ್ಲಿ ಸಮುದ್ರ ಸೇರುವ ಬಾಯಿ ಒಂದು ಹಳ್ಳದಷ್ಟು ಅಗಲವಿದೆ. ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವುದನ್ನು ನೋಡಿದವರಿಗೆ ಇದೇ ಆ ನದಿಯೆಂದರೆ ನಂಬುವುದು ಕಷ್ಟ. ಆದರೆ ದಿನವಿಡೀ ಅದರ ಜೊತೆಗೆ ಬಂದ ನನಗೆ ಆ ಕಿರಿದಾದ ಬಾಯಿ ದುಃಖ ತರಲಿಲ್ಲ. ಉಳಿದ ನೀರೆಲ್ಲ ಎಲ್ಲಿ ಇಳಿದು ಉಳಿಯಿತೆಂಬುದನ್ನು ಬೆಳಗಿನಿಂದ ಗದ್ದೆ ಗದ್ದೆಯಲ್ಲಿ ನೋಡಿಯೇ ಬಂದಿದ್ದೆ. ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಇನ್ನೊಂದು ಮಾತು ಸೇರಿಸಿದರು: ಹೊಳೆಯ ಹೊಸನೀರು ಕಡಲಿಗೆ ಬಿದ್ದ ವರ್ಷ ದಡದ ಹತ್ತಿರವೇ ಮೀನು, ಸಿಗಡಿ ಚೆನ್ನಾಗಿ ಸಿಗುತ್ತವೆ. ಸಮುದ್ರಕ್ಕೆ ಹೋದ ನೀರು ವ್ಯರ್ಥವೆಂದು ಎರಡೂ ರಾಜ್ಯಗಳ ವೇದಿಕೆಗಳಲ್ಲಿ ಎಷ್ಟು ಬಾರಿ ಕೇಳಿದ್ದೇನೋ, ಅದನ್ನು ನಾನು ಇನ್ನು ಮುಂದೆ ಒಪ್ಪುವುದಿಲ್ಲ.

ಮೂರನೆಯ ದಿನ: ನೋಡದೆ ಉಳಿದದ್ದು

ರಾತ್ರಿ ಹತ್ತು ಗಂಟೆ ದಾಟಿ ತಿರುಚ್ಚಿಗೆ ಮರಳಿದ್ದೆವು. ಮರುದಿನ ನಕಾಶೆ ಬಿಚ್ಚಿ ನೋಡಿದರೆ, ನಾವು ಕಂಡದ್ದು ಮುಖಜಭೂಮಿಯ ಉತ್ತರದ ಒಂದು ಎಳೆ ಮಾತ್ರ. ಕೊಳ್ಳಿಡಂನ ಮೇಲೆ ಅಣೈಕ್ಕರೆಯಲ್ಲಿರುವ ಕೆಳಯಣೆಯನ್ನು ನೋಡಲಾಗಲಿಲ್ಲ. ಅಲ್ಲಿಂದ ವೀರಾಣಂ ಕೆರೆಗೆ ಹೋಗುವ ನೀರೇ 2004ರಿಂದ ಕೊಳವೆಗಳಲ್ಲಿ ಚೆನ್ನೈ ನಗರದ ಕುಡಿಯುವ ನೀರಾಗಿದೆ. ವೆಣ್ಣಾರ್ ಕವಲಿನ ದಾರಿ ಪೂರ್ತಿ ಬಾಕಿಯಿದೆ. ಅದರ ಕವಲುಗಳು ಕಡಲು ಸೇರುವ ಮುತ್ತುಪೇಟ್ಟೈಯ ಕಾಂಡ್ಲಾ ಕಾಡಿಗೆ ದೋಣಿಯಲ್ಲೇ ಹೋಗಬೇಕು, ಅದರ ಪಕ್ಕದ ಕೋಡಿಯಕ್ಕರೆಯಲ್ಲಿ ಚಳಿಗಾಲಕ್ಕೆ ರಾಜಹಂಸಗಳು ಬರುತ್ತವೆ. ಸಾಂಬಾ ಕೊಯ್ಲು ನಡೆಯುವ ಜನವರಿಯಲ್ಲಿ ಹೋದರೆ ತಿರುವೈಯಾರಿನ ಆರಾಧನೆಯನ್ನೂ ಸೇರಿಸಿಕೊಳ್ಳಬಹುದೆಂದು ಪತ್ನಿ ಹೇಳಿದಳು. ಚಾಲಕರು ಆಗ ತಮ್ಮ ಊರಿನ ಮನೆಯಲ್ಲೇ ಇಳಿದುಕೊಳ್ಳಬೇಕೆಂದು ಒತ್ತಾಯಿಸಿದ್ದಾರೆ, ನಾವೂ ಒಪ್ಪಿಕೊಂಡಿದ್ದೇವೆ.